ಮುಂಗಡ ಕೊಟ್ಟ ಊಟ

2024ನೆಯ ಇಸವಿಯಲ್ಲಿ ನಾನೂ ನನ್ನ ಮನೆಯಾಕೆಯೂ ಅಮೇರಿಕಾ ದೇಶದ ಅಟ್ಲಾಂಟಾ ಪಟ್ಟಣದಲ್ಲಿರುವ ನಮ್ಮ ಮಗನ ಮನೆಯಲ್ಲಿ ಕೆಲವು ತಿಂಗಳು ಇದ್ದೆವು. ಜೂನ್ ತಿಂಗಳಲ್ಲಿ ಮಕ್ಕಳ ಶಾಲೆಗೆ ರಜವಿದ್ದುದರಿಂದ ಎಲ್ಲರೂ ಕೂಡಿ ಫ್ಲಾರಿಡಾ ಸಂಸ್ಥಾನದ ಆರ್ಲ್ಯಾಂಡೋ ಸಮೀಪದ ವಾಲ್ಟ್ ಡಿಸ್ನಿ ವರ್ಲ್ಡ್ ಎಂಬ ವಿನೋದಸ್ಥಳಕ್ಕೆ ಹೋಗಿ ಐದು ರಾತ್ರಿ ಇದ್ದು ಬರುವುದೆಂದು ನಿಶ್ಚಯವಾಯಿತು. ಹೊರಡುವುದಕ್ಕೆ ಎರಡು ತಿಂಗಳಿಗೂ ಮುಂಚೆಯೇ ಮನೆಯಲ್ಲಿ ಒಂದು ಚರ್ಚೆ ಎದ್ದಿತು. ಅದು ನೋಡಬೇಕಾದ ಸ್ಥಳಗಳ ವಿಷಯವಾಗಿರದೆ ಊಟದ ವಿಷಯವಾಗಿದ್ದಿತು. ಸಂಸಾರಸಮೇತರಾಗಿ ಅಲ್ಲಿಗೆ ಹೋಗುವ ನಮ್ಮವರು ಈಗ ಅನೇಕರಿರುವುದರಿಂದ ಆ ಚರ್ಚೆಯನ್ನು ಇಲ್ಲಿ ಬರೆದರೆ ಗೃಹಸ್ಥರಾದ ವಾಚಕರಿಗೆ ಅನುಪಯುಕ್ತವಾಗಲಾರದೆಂದು ನಂಬಿದ್ದೇನೆ.

ಮೊದಲು ಸ್ಥಳದ ವಿಚಾರವಾಗಿ ಎರಡು ಮಾತು. ಇದು ಒಂದು ಉದ್ಯಾನವಲ್ಲ, ಒಂದು ತಾಲ್ಲೂಕೆಂದರೆ ಸಲ್ಲುವುದು. ವಾಲ್ಟ್ ಡಿಸ್ನಿಯವರು 1960ರ ದಶಕದಲ್ಲಿ ಇಲ್ಲಿ ಜೌಗುನೆಲವನ್ನು ಬೇರೆ ಬೇರೆ ಹೆಸರಿನ ಕಂಪೆನಿಗಳ ಮೂಲಕ ಸದ್ದಿಲ್ಲದೆ ಕೊಳ್ಳಿಸಿದರು. ಕೊಂಡ ನೆಲ ಸುಮಾರು 27,000 ಎಕರೆ. ತಾವು ಕಟ್ಟಿಸಬೇಕೆಂದಿದ್ದುದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. 1966ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಣ್ಣ ರಾಯ್ ಡಿಸ್ನಿಯವರು ಕೆಲಸವನ್ನು ಮುಂದುವರಿಸಿ 1971ನೆಯ ಅಕ್ಟೋಬರ್ 1ನೆಯ ತಾರೀಖು ಬಾಗಿಲು ತೆರೆಯಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅವರೂ ತೀರಿಹೋದರು. ಈಗ ಅಲ್ಲಿ ನಾಲ್ಕು ದೊಡ್ಡ ಉದ್ಯಾನಗಳುಂಟು: 189 ಅಡಿ ಎತ್ತರದ ಅರಮನೆಯುಳ್ಳ ಮ್ಯಾಜಿಕ್ ಕಿಂಗ್‌ಡಂ, 1982ರಲ್ಲಿ ತೆರೆದ ಎಪ್ಕಾಟ್, 1989ರ ಹಾಲಿವುಡ್ ಸ್ಟುಡಿಯೋಸ್, 1998ರ ಅನಿಮಲ್ ಕಿಂಗ್‌ಡಂ. ಇವುಗಳ ನಡುವೆ ಮೈಲಿಗಳ ಅಂತರವಿದೆ. ಮಧ್ಯಾಹ್ನಕ್ಕೆ ಹೊರಗೆ ಹೋಗಿ ಊಟಮಾಡಿಕೊಂಡು ಬರೋಣವೆಂದರೆ ಅರ್ಧ ದಿನ ಕಳೆಯುತ್ತದೆ. ಆದಕಾರಣ ಜನ ಒಳಗಡೆಯೇ ಉಣ್ಣುತ್ತಾರೆ. ಒಳಗಡೆಯ ಊಟ ದುಬಾರಿ.

ಈ ದುಬಾರಿಯನ್ನು ಮುಂಗಡವಾಗಿಯೇ ತೀರಿಸಿಬಿಡುವ ಏರ್ಪಾಡೊಂದನ್ನು ಅಲ್ಲಿಯವರು 2005ರಲ್ಲಿ ಮಾಡಿದರು. 2020ರ ಸಾಂಕ್ರಾಮಿಕದಲ್ಲಿ ಅದು ನಿಂತುಹೋಗಿ 2024ರ ಜನವರಿಯಲ್ಲಿ ಮತ್ತೆ ಆರಂಭವಾಯಿತು. ಡಿಸ್ನಿಯವರ ವಸತಿಗೃಹಗಳಲ್ಲಿ ಇಳಿದುಕೊಳ್ಳುವವರಿಗೆ ಮಾತ್ರ ಇದು ದೊರೆಯುವುದು. ತಂಗುವ ರಾತ್ರಿಗಳನ್ನು ಲೆಕ್ಕ ಹಿಡಿದು ತಲೆಗೆ ಇಷ್ಟೆಂದು ಹಣ ಕಟ್ಟಬೇಕು. ಕಡಮೆಯ ತರಗತಿಯಲ್ಲಿ ರಾತ್ರಿಯೊಂದಕ್ಕೆ ಎರಡು ಊಟ, ಒಂದು ಉಪಾಹಾರ. ಎಲ್ಲವೂ ನಾವೇ ಕಟ್ಟೆಯ ಬಳಿ ನಿಂತು ತಂದುಕೊಳ್ಳತಕ್ಕ ಬಗೆಯದು. ಹೆಚ್ಚಿನ ತರಗತಿಯಲ್ಲಿ ಆ ಎರಡು ಊಟಗಳಲ್ಲೊಂದು ಮೇಜಿನ ಮುಂದೆ ಕುಳಿತು ಬಡಿಸಿಕೊಳ್ಳುವ ಊಟ. ಎರಡಕ್ಕೂ ತಲೆಗೊಂದು ಲೋಟವನ್ನು ಕೊಡುತ್ತಾರೆ. ವಸತಿಗೃಹದಲ್ಲಿ ಅದಕ್ಕೆ ಬೇಕಾದಷ್ಟು ಸಲ ಕಾಫಿಯನ್ನೋ ಪಾನಕವನ್ನೋ ತುಂಬಿಕೊಳ್ಳಬಹುದು, ಉದ್ಯಾನದೊಳಗೆ ಮಾತ್ರ ಅದು ನಡೆಯದು. ನಾವು ಹೋದ ವರ್ಷ ಕಡಮೆಯ ತರಗತಿಗೆ ದೊಡ್ಡವರಿಗೆ ರಾತ್ರಿಗೆ 57 ಡಾಲರು 1 ಸೆಂಟು, ಮಕ್ಕಳಿಗೆ 23 ಡಾಲರು 83 ಸೆಂಟು. ಹೆಚ್ಚಿನದಕ್ಕೆ ದೊಡ್ಡವರಿಗೆ 94 ಡಾಲರು 28 ಸೆಂಟು, ಮಕ್ಕಳಿಗೆ 29 ಡಾಲರು 69 ಸೆಂಟು ಇದ್ದಿತು. ಈ ದರಗಳು ಏರುತ್ತಿರುವುದರಿಂದ ಹೊರಡುವವರು ಆಗಿನದನ್ನು ವಿಚಾರಿಸಿಕೊಳ್ಳಬೇಕು.

ಮಕ್ಕಳೆಂದರೆ ಮೂರರಿಂದ ಒಂಬತ್ತು ವರ್ಷದವರು. ಮೂರು ತುಂಬದ ಕೂಸಿಗೆ ಕೊಡಬೇಕಾದುದಿಲ್ಲ, ತಾಯಿಯ ತಟ್ಟೆಯಿಂದ ತಿನ್ನಬಹುದು. ಹತ್ತು ತುಂಬಿದರೆ ಮಗು ದೊಡ್ಡದೆಂದೇ ಲೆಕ್ಕ. ನಮ್ಮ ಮೊಮ್ಮಗಳಿಗೆ ಅದೇ ಏಪ್ರಿಲಿನಲ್ಲಿ ಹತ್ತು ತುಂಬಿದ್ದಿತು. ಎರಡು ದೋಸೆಯನ್ನು ಮುಗಿಸಲಾರದ ಹುಡುಗಿ ತನ್ನ ತಂದೆಯ ಸಮಕ್ಕೆ ನಿಂತಳು! ನಮ್ಮ ರೈಲ್ವೆಯವರು ಹನ್ನೆರಡರವರೆಗೆ ಮಕ್ಕಳೆಂದು ಎಣಿಸುತ್ತಾರೆಂದು ನಾನು ಹೇಳಿದುದಕ್ಕೆ ಮಗನು, "ಅಪ್ಪಾ, ಇದು ಅರಸೀಕೆರೆಯ ಗಾಡಿಯಲ್ಲ" ಎಂದನು.

ಮಗನಿಗೆ ಹೆಚ್ಚಿನ ತರಗತಿಯ ಮೇಲೆ ಮನಸ್ಸು. "ಒಂದು ಸಲ ಹಣ ಕಟ್ಟಿಬಿಟ್ಟರೆ ಐದು ದಿನವೂ ಯಾವುದಕ್ಕೆ ಎಷ್ಟಾಯಿತೆಂದು ನೋಡಬೇಕಾದುದಿಲ್ಲ. ನೀವು ಪ್ರತಿ ತಿಂಡಿಯ ಬೆಲೆಯನ್ನೂ ರೂಪಾಯಿಗೆ ತಿರುಗಿಸಿ ನೊಂದುಕೊಳ್ಳುವುದೂ ತಪ್ಪುತ್ತದೆ" ಎಂದನು. ಕಡೆಯ ಮಾತಿನಲ್ಲಿ ನಿಜವಿದ್ದುದರಿಂದ ನಾನು ಸಿಟ್ಟುಮಾಡಲಿಲ್ಲ; ಕಾಗದ ಪೆನ್ಸಿಲುಗಳನ್ನು ತೆಗೆದುಕೊಂಡು ಕುಳಿತೆನು.

ಆರು ಜನಕ್ಕೆ ಐದು ರಾತ್ರಿಗೆ ಹೆಚ್ಚಿನ ತರಗತಿಗೆ 2,505 ಡಾಲರು 45 ಸೆಂಟಾಯಿತು. ಕಡಮೆಯದಕ್ಕೆ 1,544 ಡಾಲರು 40 ಸೆಂಟು. ಬಡಿಸುವವರಿಗೆ ಕೊಡುವ ಇನಾಮು ಇದರಲ್ಲಿ ಸೇರಿಲ್ಲ. ಆರು ಜನ ಅಥವಾ ಹೆಚ್ಚು ಮಂದಿ ಕೂಡಿ ಕುಳಿತರೆ ನೂರಕ್ಕೆ 18ರಂತೆ ತಾನಾಗಿಯೇ ಹಾಕುತ್ತಾರೆ. ಮಿಕಿ ಇಲಿಯೂ ಅದರ ಬಳಗವೂ ಮೇಜಿನ ಬಳಿಗೆ ಬಂದು ಮಕ್ಕಳನ್ನು ಮಾತಾಡಿಸುವ ಊಟಗಳುಂಟಷ್ಟೆ. ದಿನವೂ ಅಂಥ ಊಟವನ್ನೇ ಮಾಡಿದರೆ ಹೆಚ್ಚಿನ ತರಗತಿಯ ಹಣ ಮಟ್ಟಸವಾಗಿ ತೀರಬಹುದು. ಅರಮನೆಯೊಳಗಣ ಊಟದಂಥ ವಿಶೇಷಕ್ಕೆ ಎರಡು ಊಟಗಳನ್ನು ಮುರಿದುಕೊಳ್ಳುತ್ತಾರೆ. ಇನ್ನೊಂದು ಸಂಗತಿ: ಊಟದೊಡನೆ ಸೇರಿದ ಪಾನೀಯವೆಂದರೆ ಇಪ್ಪತ್ತೊಂದು ದಾಟಿದವರಿಗೆ ಮದ್ಯವೂ ಆಗಬಹುದು. ಅದರ ಬೆಲೆ ದರದಲ್ಲಿ ಅಡಗಿದೆಯೆಂದು ಊಹಿಸಲು ದೊಡ್ಡ ಬುದ್ಧಿ ಬೇಕಿಲ್ಲ. ಮಾಂಸವನ್ನೂ ಮದ್ಯವನ್ನೂ ತೆಗೆದುಕೊಳ್ಳುವವರು ಪಟ್ಟಿಯಲ್ಲಿ ಬೆಲೆಯುಳ್ಳದ್ದನ್ನು ಆರಿಸಿ ಲಾಭ ಪಡೆಯುವರು. ಅನ್ನ ತರಕಾರಿಯನ್ನು ತಿಂದು ನೀರು ಕುಡಿಯುವವರು ಅವರ ಭಾರವನ್ನು ಹೊರುವರು.

ಕಡಮೆಯ ತರಗತಿಯ ಲೆಕ್ಕ ಇಷ್ಟು ಕಠಿನವಲ್ಲ. ಬಿಡಿಯಾಗಿ ಕೊಂಡರೆ ಒಂದು ಹೊತ್ತಿನ ಊಟಕ್ಕೆ ಸುಮಾರು 15 ಡಾಲರು, ಪಾನೀಯಕ್ಕೆ 5, ಉಪಾಹಾರಕ್ಕೆ 7 ಎಂದು ಹಿಡಿದೆನು. ದಿನಕ್ಕೆ 47, ನೂರಕ್ಕೆ ಆರೂವರೆಯ ಮಾರಾಟದ ತೆರಿಗೆಯನ್ನು ಕೂಡಿದರೆ 50. ತೆರಿಗೆ 57ರಲ್ಲಿ ಸೇರಿದೆ, ಮೇಲೊಂದು ಲೋಟವುಂಟು. ಆದ್ದರಿಂದ ಪಾನೀಯ ಕುಡಿಯುವವರಿಗೆ ನಷ್ಟ ಅಲ್ಪ. ಆದರೆ ಅಲ್ಲಿನ ಊಟದ ಕಟ್ಟೆಗಳಲ್ಲಿ ಮಂಜಿನ ನೀರನ್ನು ಕೇಳಿದವರಿಗೆ ಕಾಸಿಲ್ಲದೆ ಕೊಡುತ್ತಾರೆ. ನೀರಿನಲ್ಲೇ ತೃಪ್ತರಾದವರಿಗೆ ದಿನಕ್ಕೆ 39 ಡಾಲರಿನ ಸುಮಾರಿನಲ್ಲಿ ಮುಗಿಯುವುದು. ಚಿಕ್ಕ ಮಕ್ಕಳ ದರ ಮಾತ್ರ ಹೇಗೆ ನೋಡಿದರೂ ನ್ಯಾಯವಾಗಿದೆ. ಹಾಗೆಂದು ಮಗುವಿಗೊಂದನ್ನೇ ಕೊಳ್ಳುವ ಹಾಗಿಲ್ಲ. ಒಂದು ಕೋಣೆಯ ಚೀಟಿಯಲ್ಲಿ ಹೆಸರಿರುವ ಮೂರು ವರ್ಷಕ್ಕೆ ಮೇಲ್ಪಟ್ಟ ಎಲ್ಲರೂ ಸೇರಬೇಕು, ಇಲ್ಲವೆ ಯಾರೂ ಸೇರಬಾರದು.

ಮನೆಯಾಕೆಯ ಅಭಿಪ್ರಾಯ ಒಂದೇ ಮಾತಿನದು. "ನಮಗೆ ಅಲ್ಲಿ ತಿನ್ನುವುದಕ್ಕೆ ಏನಿದ್ದೀತು? ಮೋಟಾರಿನಲ್ಲಿ ತಾನೆ ಹೋಗುವುದು, ಅವಲಕ್ಕಿ ಚಪಾತಿ ಕಟ್ಟಿಕೊಂಡರಾಯಿತು." ಉದ್ಯಾನಗಳೊಳಕ್ಕೆ ಸ್ವಂತ ತಿಂಡಿಯನ್ನು ಒಯ್ಯಲು ಅಡ್ಡಿಯಿಲ್ಲ, ಗಾಜಿನ ಪಾತ್ರೆಗೂ ಮದ್ಯಕ್ಕೂ ಮಾತ್ರ ನಿಷೇಧವುಂಟು. ಆದಕಾರಣ ನಾನೂ ಇದೇ ಸರಿಯೆಂದು ತೀರ್ಮಾನಿಸಿ, ಎರಡು ಸಾವಿರ ಡಾಲರು ಉಳಿಸಿದವನ ಗತ್ತಿನಲ್ಲಿ ಎದ್ದು ಅಡಿಗೆಮನೆಗೆ ನೀರು ಕುಡಿಯಲು ಹೋದೆನು.

ಅಲ್ಲಿ ತಂಗಳುಪೆಟ್ಟಿಗೆಯ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದಿತು. ಸೊಸೆಯ ಅಕ್ಷರ. ಚಪಾತಿ 60, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಎರಡು ಬಗೆ, ಅತ್ತೆಯವರಿಗೆ ಹುರಿದ ಗೋಧಿರವೆ, ಮಗುವಿಗೆ ಖಾರವಿಲ್ಲದ್ದು ಬೇರೆ, ತಟ್ಟೆ, ಚಮಚ, ಮೊಸರಿಗೆ ಹೆಪ್ಪು. ನಾವು ಮಾತು ಮುಗಿಸುವುದಕ್ಕೆ ಮುಂಚೆಯೇ ಆಕೆ ಅದನ್ನು ಬರೆದಿದ್ದಳು. ಮೊಮ್ಮಗಳು ಹತ್ತಿರ ಬಂದು, "ತಾತಾ, ಹೋದ ವರ್ಷ ಸಮುದ್ರಕ್ಕೆ ಹೋಗಿದ್ದಾಗ ಅಮ್ಮ ದಿನಾ ಐದು ಗಂಟೆಗೆ ಎದ್ದು ಡಬ್ಬಿ ತುಂಬುತ್ತಿದ್ದಳು. ಸಮುದ್ರದಲ್ಲಿ ಒಂದು ದಿನವೂ ಇಳಿಯಲಿಲ್ಲ" ಎಂದಳು. ಸೊಸೆಗೂ ಕಛೇರಿಯ ಕೆಲಸವುಂಟು. ವರ್ಷಕ್ಕೆ ಆಕೆಗೆ ದೊರೆಯುವ ರಜ ಹತ್ತು ದಿನ. ಅದರಲ್ಲಿ ಐದನ್ನು ನನ್ನ ಲೆಕ್ಕದಲ್ಲಿ ನಾನು ಚಪಾತಿಗೆ ಹಾಕಿದ್ದೆನು. ಈ ಬಾಬನ್ನು ನಾನು ಕಾಗದದ ಮೇಲೆ ಎಲ್ಲಿಯೂ ಬರೆದಿರಲಿಲ್ಲ.

ಹಾಗಾದರೆ ಮಗನು ಹೇಳಿದಂತೆ ಮಾಡುವುದೇ ಒಳ್ಳೆಯದೆಂದು ಹೊರಗೆ ಬಂದು ಹೇಳಿದೆನು. ಅದುವರೆಗೂ ಸುಮ್ಮನಿದ್ದ ಸೊಸೆ ಆಗ ಮಾತನಾಡಿದಳು. "ಬೇಡಿ ಮಾವ. ಮೇಜಿನ ಊಟಕ್ಕೆ ಅರವತ್ತು ದಿನ ಮೊದಲೇ ಬೆಳಗ್ಗೆ ಎದ್ದು ಸ್ಥಳ ಹಿಡಿಯಬೇಕು. ಎಲ್ಲಿ ಎಷ್ಟು ಊಟ ಕಳೆಯಿತು, ಇನ್ನೆಷ್ಟಿದೆ ಎಂದು ನೋಡಿಕೊಳ್ಳಬೇಕು. ಹೊರಡುವ ದಿನ ನಡುರಾತ್ರಿಗೆ ಉಳಿದದ್ದೆಲ್ಲ ಹೋಗಿಬಿಡುತ್ತದೆ. ಎಣಿಸುವವಳು ನಾನೇ ಆಗುತ್ತೇನೆ. ಚಪಾತಿಯಾದರೆ ಲಟ್ಟಿಸಿದರೆ ಮುಗಿಯಿತು."

ಇದಕ್ಕೆ ಮಗನಲ್ಲಿ ಉತ್ತರವಿರಲಿಲ್ಲ. ಧಾರವಾಡದ ಖಾನಾವಳಿಯಲ್ಲಿ ತಿಂಗಳ ಹಣ ಕೊಟ್ಟು ಉಣ್ಣುತ್ತಿದ್ದ ನನ್ನ ವಿದ್ಯಾರ್ಥಿದೆಸೆ ನನಗೆ ನೆನಪಿಗೆ ಬಂದಿತು: ತಪ್ಪಿದ ಊಟಕ್ಕೆ ದುಃಖಪಡುತ್ತ, ಹಸಿವಿಲ್ಲದ ದಿನವೂ ಹೋಗಿ ಕೂರುತ್ತಿದ್ದೆವು. ಮುಂಗಡ ಕೊಟ್ಟ ಊಟಕ್ಕೆ ಈ ಗುಣವಿದೆ. ಅದು ಉಣ್ಣುವವನನ್ನು ಎಳೆಯುತ್ತದೆ.

ಕಡೆಗೆ ಆದ ಒಪ್ಪಂದ ಹೀಗೆ. ನಾವು ಎರಡು ಕೋಣೆಗಳನ್ನು ಹಿಡಿದಿದ್ದೆವು. ಚೀಟಿಗಳು ಬೇರೆ ಬೇರೆ. ಮಗನ ಕೋಣೆಯ ನಾಲ್ವರಿಗೆ ಕಡಮೆಯ ತರಗತಿ: ಐದು ರಾತ್ರಿಗೆ 974 ಡಾಲರು 30 ಸೆಂಟು. ನಲವತ್ತು ಊಟ, ಇಪ್ಪತ್ತು ಉಪಾಹಾರ. ಯಾರದನ್ನು ಯಾರು ಬೇಕಾದರೂ ಬಳಸಬಹುದು, ಮೊದಲೇ ಸ್ಥಳ ಹಿಡಿಯಬೇಕಾದ ಕಾಟವಿಲ್ಲ. ಮುದುಕರಾದ ನಾವಿಬ್ಬರು ಏರ್ಪಾಡಿನ ಹೊರಗೆ. ಹಸಿದಾಗ ಬಿಡಿ ಹಣ ಕೊಟ್ಟು ತಿನ್ನುವುದು. ಲೆಕ್ಕದ ಪೂರ್ತಿ ಹೊಣೆ ಮಗನದು. ಅದಕ್ಕಾಗಿ ಸೊಸೆಯ ಮೊಬೈಲಿನಲ್ಲಿ ಒಂದು ಅಕ್ಷರವೂ ಇರತಕ್ಕದ್ದಲ್ಲ. ಚೀಟಿಯನ್ನು ಬಾಗಿಲಿನಿಂದ ಕಿತ್ತವಳು ಮನೆಯಾಕೆ. ಆದರೆ ಚಟ್ನಿಪುಡಿಯ ಡಬ್ಬಿಯೊಂದನ್ನು ಆಕೆ ಯಾರಿಗೂ ಹೇಳದೆ ತನ್ನ ಚೀಲದಲ್ಲಿಟ್ಟುಕೊಂಡಳು.

ಜೂನ್ ತಿಂಗಳ ಫ್ಲಾರಿಡಾದಲ್ಲಿ ಬೆಳಗ್ಗೆ ಮಂಗಳೂರಿನ ಸೆಖೆ, ಮಧ್ಯಾಹ್ನ ಗುಡುಗು ಮಳೆ. ಆ ಸೆಖೆಯಲ್ಲಿ ಹಸಿವೇ ಹುಟ್ಟುವುದಿಲ್ಲವೆಂಬುದನ್ನು ನಮ್ಮಲ್ಲಿ ಯಾರೂ ಲೆಕ್ಕಕ್ಕೆ ತಂದಿರಲಿಲ್ಲ. ಮಕ್ಕಳು ಕೇಳುತ್ತಿದ್ದುದೆಲ್ಲ ಮಂಜಿನ ಪದಾರ್ಥಗಳನ್ನು. ಉಪಾಹಾರಗಳು ಮೂರು ದಿನದಲ್ಲಿ ಕರಗಿ ಊಟಗಳು ಉಳಿದವು. ಅನಿಮಲ್ ಕಿಂಗ್‌ಡಮ್ಮಿನಲ್ಲಿ ಏಷ್ಯಾ ಖಂಡದ ಭಾಗವನ್ನು ಒಂದು ಕಲ್ಪಿತ ಊರಾಗಿ ಕಟ್ಟಿದ್ದಾರೆ. ಅದರ ಹೆಸರು ಆನಂದಪುರ. ಸಾಗರದ ದಾರಿಯ ನಮ್ಮ ಆನಂದಪುರವನ್ನು ಬಲ್ಲ ನಾವಿಬ್ಬರೂ ಆ ಹೆಸರಿನ ಹಲಗೆಯ ಕೆಳಗೆ ನಿಂತು ನಕ್ಕೆವು. ಪಾಳುಬಿದ್ದ ಅರಮನೆಯಂತೆ ಕಟ್ಟಿದ ಗೋಡೆಗಳ ನಡುವೆ ಹುಲಿಗಳಿವೆ. ಗೋಡೆಯ ಬಣ್ಣವನ್ನು ಹಳತೆಂದು ತೋರುವಂತೆ ಬೇಕೆಂದೇ ಸುಲಿಸಿದ್ದಾರೆ. ನಮ್ಮೂರಿನಲ್ಲಿ ಅದಕ್ಕೆ ಸಂಬಳ ಕೊಡಬೇಕಾದುದಿಲ್ಲ. ಅದೇ ಉದ್ಯಾನದ ಸಾಟುಲಿ ಎಂಬ ಊಟದ ಕಟ್ಟೆಯಲ್ಲಿ ಅನ್ನವನ್ನೂ ಅದರ ಮೇಲೆ ಹಾಕುವುದನ್ನೂ ನಾವೇ ಆರಿಸಿಕೊಳ್ಳಬಹುದು. ಹುರಿದ ಸೋಯಾ ಗಿಣ್ಣಿನ ಅನ್ನಕ್ಕೆ ಮನೆಯಾಕೆ ತನ್ನ ಡಬ್ಬಿಯನ್ನು ತೆರೆದಳು. ಸಸ್ಯಾಹಾರಕ್ಕೆ ಊಟದ ಪಟ್ಟಿಯಲ್ಲಿ ಎಲೆಯ ಗುರುತಿರುವುದರಿಂದ ನಾನು ಹೆದರಿದ್ದಷ್ಟು ತೊಂದರೆಯಾಗಲಿಲ್ಲ.

ಒಂದು ಸಂಜೆ ಮಾತ್ರ ಮೇಜಿನ ಊಟಕ್ಕೆ ಹಣ ಕೊಟ್ಟು ಹೋದೆವು. ಅನಿಮಲ್ ಕಿಂಗ್‌ಡಂ ಲಾಡ್ಜ್ ಎಂಬ ವಸತಿಗೃಹದಲ್ಲಿ ಸನಾ ಎಂಬ ಭೋಜನಶಾಲೆಯುಂಟು. ಕಿಟಕಿಯ ಆಚೆ ಜಿರಾಫೆಗಳೂ ಪಟ್ಟೆಕುದುರೆಗಳೂ ಮೇಯುತ್ತಿರುತ್ತವೆ. ಅಲ್ಲಿ ನಾನ್ ಮೊದಲಾದ ನಮ್ಮ ದೇಶದ ಬಗೆಯ ರೊಟ್ಟಿಗಳನ್ನು ಒಂಬತ್ತು ನಂಚಿಕೆಗಳೊಡನೆ ತಂದಿಡುತ್ತಾರೆ. ಹುಣಿಸೆಯ ಚಟ್ನಿ ಬಾಯಿಗೆ ತಾಕಿದೊಡನೆ ಮನೆಯಾಕೆಯ ಮುಖ ಅರಳಿದುದನ್ನು ನೋಡಿ ಬಿಲ್ಲನ್ನು ರೂಪಾಯಿಗೆ ತಿರುಗಿಸುವುದನ್ನು ನಾನು ಬಿಟ್ಟುಬಿಟ್ಟೆನು.

ಹೊರಡುವ ಹಿಂದಿನ ರಾತ್ರಿ ಮಗನು ಲೆಕ್ಕ ಒಪ್ಪಿಸಿದನು: ಒಂಬತ್ತು ಊಟ ಉಳಿದಿದ್ದವು. ಮರುದಿನ ಬೆಳಗ್ಗೆ ವಸತಿಗೃಹದಲ್ಲಿ ಎಲ್ಲರಿಗೂ, ನಮಗೂ ಸೇರಿಸಿ, ತಿಂಡಿ ಕೊಡಿಸಿದನು. ಮೂರು ಹಾಗೆಯೇ ಹೋದವು. ನಾನು ಮಾತನಾಡಲಿಲ್ಲ. ನಷ್ಟವನ್ನು ಮನಸ್ಸಿನಲ್ಲೇ ಕೂಡಿದ್ದೆನೆಂಬುದು ನಿಜ.

ನನ್ನ ಕಣ್ಣಿಗೆ ಕಟ್ಟಿದಂತಿರುವುದು ಎಪ್ಕಾಟಿನ ಸಂಜೆ. ಅಲ್ಲಿ ಕೆರೆಯೊಂದರ ಸುತ್ತ ಹನ್ನೊಂದು ದೇಶಗಳ ಮನೆಮಾರುಗಳನ್ನು ಕಟ್ಟಿದ್ದಾರೆ. ಸುತ್ತಿಬರಲು ಒಂದು ಮೈಲಿಗೂ ಮೇಲೆ ನಡೆಯಬೇಕು. ನಮ್ಮ ದೇಶ ಅವುಗಳಲ್ಲಿಲ್ಲ. ಜಪಾನಿನ ಗೋಪುರದ ಬಳಿ ಕಾಲು ಸೋತು ನಾವು ಕುಳಿತೆವು. ಸ್ವಲ್ಪ ದೂರದ ಬೆಂಚಿನ ಮೇಲೆ ಸೊಸೆ ಒಬ್ಬಳೇ ಕುಳಿತು, ಇಲಿಯ ತಲೆಯ ಆಕಾರದ ಐಸ್‌ಕ್ರೀಮನ್ನು ಕಿವಿಯಿಂದ ಆರಂಭಿಸಿ ನಿಧಾನವಾಗಿ ತಿನ್ನುತ್ತ ಕೆರೆಯನ್ನು ನೋಡುತ್ತಿದ್ದಳು. ಮೊಮ್ಮಗನು ಓಡಿಹೋಗಿ ಕೈ ನೀಡಿದನು. ಆಕೆ ತಿನ್ನುವುದನ್ನು ನಿಲ್ಲಿಸದೆಯೇ, "ಅಪ್ಪನ ಹತ್ತಿರ ಹೋಗಿ ಕೇಳು, ಲೆಕ್ಕ ಅವರ ಹತ್ತಿರ ಇದೆ" ಎಂದಳು.