ಹೇಗ್ ನಗರದಾಗ ಶೇಂಗಾ ಹಿಂಡಿ ವಾಸನಿ

"ಅಲ್ಲಿ ಊಟಕ್ಕ ಏನ್ ಮಾಡ್ತೀರೋ?"

ಎಂ.ಎಸ್ಸಿ. ಓದಲಿಕ್ಕೆ ನೆದರ್ಲೆಂಡ್ಸಿಗೆ ಹೊರಟ ನಮ್ಮಿಬ್ಬರಿಗೂ ಊರಲ್ಲಿ ಎಲ್ಲರೂ ಕೇಳಿದ್ದು ಇದೊಂದೇ ಪ್ರಶ್ನೆ. ವೀಸಾ, ಫೀಸು, ಚಳಿ ಯಾವುದೂ ಅವರಿಗೆ ದೊಡ್ಡ ವಿಷಯ ಅನ್ನಿಸಲಿಲ್ಲ. ನಮ್ಮಲ್ಲೊಬ್ಬ ಕಲಬುರಗಿ ಸಿಟಿಯವ, ಗೆಳೆಯರ ಮನೆ ತಹರಿ ತಿಂದು ಬೆಳೆದವ. ಇನ್ನೊಬ್ಬ ಕಮಲಾಪುರದವ, ಅವರ ಮನೆಯಲ್ಲಿ ತತ್ತಿ ಕೂಡ ಒಳಗೆ ಬರೋ ಹಾಗಿಲ್ಲ. "ಏನರೆ ತಿನ್ನು, ಎಷ್ಟರೆ ತಿನ್ನು, ಅದೊಂದು ಮುಟ್ಟಬ್ಯಾಡ" ಅಂತ ಅವರವ್ವ ವಿಮಾನ ಹತ್ತೋ ದಿನ ಹೇಳಿದ್ದರು.

ಡೆಲ್ಫ್ಟ್‌ನಲ್ಲಿ ಮಧ್ಯಾಹ್ನದ ಊಟ ಅಂದರೆ ಬ್ರೆಡ್ಡು, ಅದರ ಮೇಲೆ ಚೀಸು. ಎರಡು ತಿಂಗಳಲ್ಲಿ ನಾಲಿಗೆ ಸತ್ತೇ ಹೋಯಿತು. ಖಾರ ಬೇಕಾದರೆ ಎಲ್ಲಿಗೆ ಹೋಗಬೇಕು ಅಂತ ಡಚ್ ಸಹಪಾಠಿಗಳನ್ನು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಇಂಡೋನೇಷ್ಯಾದ ಹೋಟೆಲ್. ಟ್ರಾಮ್ ಹತ್ತಿ ಹೇಗ್ ನಗರಕ್ಕೆ ಹೋದೆವು.

ಇಲ್ಲಿ ಇಂಡೋನೇಷ್ಯಾ ಊಟ ಯಾಕೆ ಇಷ್ಟು? ಆ ದ್ವೀಪಗಳನ್ನು ಡಚ್ಚರು ಆಳಿದ್ದರು. 1945ರ ಆಗಸ್ಟ್ 17ರಂದು ಇಂಡೋನೇಷ್ಯಾ ಸ್ವಾತಂತ್ರ್ಯ ಘೋಷಿಸಿತು, ಡಚ್ಚರು ಒಪ್ಪಿದ್ದು 1949ರ ಡಿಸೆಂಬರಿನಲ್ಲಿ. ಆಮೇಲಿನ ವರ್ಷಗಳಲ್ಲಿ ಅಲ್ಲಿದ್ದ ಡಚ್ಚರು ಮತ್ತು ಮಿಶ್ರ ಮನೆತನದವರು ಸುಮಾರು 3 ಲಕ್ಷ ಜನ ಇಲ್ಲಿಗೆ ಬಂದರು. ಅವರ ಹಿಂದೆಯೇ ಅಡುಗೆಯೂ ಬಂತು. ಕಲಬುರಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಹೈದರಾಬಾದಿನಲ್ಲಿದ್ದೆವು. ಆಳ್ವಿಕೆ ಹೋಯಿತು, ತಹರಿ, ಬಿರಿಯಾನಿ ಉಳಿದವು.

ಮೆನು ಕೈಗೆ ಬಂದಾಗ ನಮಗೆ ನಗು ಬಂತು. ಅರ್ಧ ಪದಗಳು ನಮ್ಮವೇ! ರೊಟ್ಟಿಗೆ 'ರೋತಿ', ರುಚಿಗೆ 'ರಾಸ', ಸಕ್ಕರೆಗೆ 'ಗುಲಾ' (ಸಂಸ್ಕೃತದ ಗುಡ, ಅಂದರೆ ಬೆಲ್ಲ), ಕೊತ್ತಂಬರಿಗೆ 'ಕೆತುಂಬಾರ್'. ಹಡಗುಗಳಲ್ಲಿ ಸಾವಿರಾರು ವರ್ಷ ಹೋಗಿ ಬಂದ ಮಾತುಗಳಿವು.

ಅಲ್ಲಿನ ದೊಡ್ಡ ಊಟದ ಹೆಸರು ರೈಸ್ಟ್‌ಟಾಫೆಲ್, ಅಂದರೆ ಅನ್ನದ ಮೇಜು. ನಡುವೆ ಅನ್ನ, ಸುತ್ತ ಹತ್ತು ಹನ್ನೆರಡು ಸಣ್ಣ ಬಟ್ಟಲು. ನಮಗೆ ನೆನಪಾದದ್ದು ಎಳ್ಳಮಾಸಿ. ಹೊಲದಲ್ಲಿ ಚರಗ ಚೆಲ್ಲಿ, ಗಿಡದ ಕೆಳಗೆ ಕುಂತು ಬುತ್ತಿ ಬಿಚ್ಚಿದರೆ ಸಜ್ಜಿ ರೊಟ್ಟಿ, ಭಜ್ಜಿ, ಕಡುಬು, ಶೇಂಗಾ ಹೋಳಿಗಿ ಎಲ್ಲಾ ಒಟ್ಟಿಗೇ. ಒಂದು ವ್ಯತ್ಯಾಸ ಐತಿ. ಎಳ್ಳಮಾಸಿ ಬುತ್ತಿ ಬಿಚ್ಚೋದು ಭೂಮಿತಾಯಿಗೆ ಉಣಿಸಿದ ಮೇಲೆ. ರೈಸ್ಟ್‌ಟಾಫೆಲ್ ಹುಟ್ಟಿದ್ದು ಡಚ್ ಸಾಹೇಬರ ಬಂಗಲೆಗಳಲ್ಲಿ. ಆಳುಗಳು ಸಾಲಾಗಿ ನಿಂತು ಒಬ್ಬೊಬ್ಬರು ಒಂದೊಂದು ತಾಟು ಹಿಡಿದು ಬಡಿಸುತ್ತಿದ್ದರಂತೆ. ಇದನ್ನು ತಿಳಿದ ಮೇಲೆ ಆ ಮೇಜಿನ ಅಂದ ಪೂರ್ತಿ ಹಿತ ಅನ್ನಿಸೋದಿಲ್ಲ. ಊಟ ಮಾತ್ರ ಹಿತವಾಗಿಯೇ ಇತ್ತು.

ಈಗ ಕಮಲಾಪುರದವನ ಕಥೆ. ಎದುರಿಗೆ ಬಟ್ಟಲು ತುಂಬಾ ಕೆಂಪು ಸಂಬಲ್, ಪಕ್ಕದಲ್ಲಿ ಸಂಡಿಗೆಯಂಥ ಹಪ್ಪಳ. ಬಾಯಲ್ಲಿ ನೀರು! ಆದರೂ ಕೈ ಹಾಕದೆ, ಬಡಿಸುವ ಅಜ್ಜಿಯನ್ನು ಕರೆದು ಕೇಳಿದ. ಹಪ್ಪಳ ಸಿಗಡಿಯದ್ದು. ಸಂಬಲ್‌ನಲ್ಲಿ 'ತೆರಾಸಿ', ಅಂದರೆ ಹುದುಗಿಸಿದ ಸಿಗಡಿಯ ಮುದ್ದೆ. ಸಾಸಿನಲ್ಲೂ ಕೆಲವೊಮ್ಮೆ ಅದೇ ಇರುತ್ತೆ. ಹಸಿವಿನಿಂದ ಅವನ ಮುಖ ಸಣ್ಣದಾಗಿತ್ತು. "ತಿಂದ್ರ ಯಾರು ನೋಡ್ತಾರ?" ಅಂತ ನಾವು ಅನ್ನಲಿಲ್ಲ. ಇಷ್ಟು ದೂರ ಬಂದು, ನೋಡುವವರಿಲ್ಲದ ಕಡೆಯೂ ಅವ್ವನ ಮಾತು ಉಳಿಯುತ್ತೋ ಇಲ್ಲೋ ಅನ್ನೋದೇ ಅವತ್ತಿನ ಪ್ರಶ್ನೆಯಾಗಿತ್ತು.

ಅಜ್ಜಿ ನಗಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಒಳಗೆ ಹೋಗಿ, ಕಲ್ಲಿನ ತಟ್ಟೆಯಲ್ಲಿ ಹಸಿ ಮೆಣಸಿನಕಾಯಿ, ಟೊಮ್ಯಾಟೊ, ಉಪ್ಪು, ನಿಂಬೆರಸ ಅರೆದು ಬೇರೆ ಸಂಬಲ್ ತಂದಿಟ್ಟರು. ತತ್ತಿ ತೆಗೆದ ಗಾಡೋ-ಗಾಡೋ ಬಂತು: ಬೇಯಿಸಿದ ತರಕಾರಿ, ಮೇಲೆ ಶೇಂಗಾ ಸಾಸ್, ಅದೂ ತೆರಾಸಿ ಇಲ್ಲದ್ದು. ಜೊತೆಗೆ ಕರಿದ ತೆಂಪೆ. ಬೇಯಿಸಿದ ಸೋಯಾ ಕಾಳಿಗೆ ರೈಜೋಪಸ್ ಎಂಬ ಬೂಷ್ಟು ಸೇರಿಸಿ, 30 ಡಿಗ್ರಿ ಆಸುಪಾಸಿನಲ್ಲಿ ಒಂದೆರಡು ದಿನ ಇಟ್ಟರೆ ಅದು ಕಾಳುಗಳನ್ನು ಇಟ್ಟಿಗೆ ಹಾಗೆ ಹೆಣೆದುಬಿಡುತ್ತೆ. ಬೂಷ್ಟು ಹಿಡಿದದ್ದು ತಿನ್ನೋದಾ ಅನ್ನಬೇಡಿ, ಬೆಂಕಿ ಮುಟ್ಟಿದ ಮೇಲೆ ಬಾದಾಮಿ ಥರ ಇರುತ್ತೆ.

ಆ ಶೇಂಗಾ ಸಾಸ್ ನಾಲಿಗೆಗೆ ತಾಕಿದಾಗ ಇಬ್ಬರೂ ಸುಮ್ಮನಾದೆವು. ನಮ್ಮ ಹಿಂಡಿಯನ್ನೇ ಬೆಲ್ಲ ಹುಣಸೆ ಹಾಕಿ ನೀರಾಗಿಸಿದಂತೆ. ಶೇಂಗಾ ನಮ್ಮದೂ ಅಲ್ಲ, ಅವರದೂ ಅಲ್ಲ. ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಕೊಲಂಬಸ್‌ನ ನಂತರ ಯುರೋಪಿನವರ ಹಡಗಿನಲ್ಲಿ ಬಂದವು. ಎರಡೂ ಕಡೆಯ ಹೆಣ್ಣುಮಕ್ಕಳು ಬೇರೆ ಬೇರೆಯಾಗಿ ಕುಟ್ಟಿ ಅರೆದು ತಮ್ಮವು ಮಾಡಿಕೊಂಡರು.

ಕೊನೆಗೆ ಬಂದದ್ದು ಪಿಸಾಂಗ್ ಗೋರೆಂಗ್, ಕರಿದ ಬಾಳೆಹಣ್ಣು. ಕಮಲಾಪುರದವ ಬಿಡ್ತಾನಾ? ಫೋನ್ ತೆಗೆದು ತಮ್ಮೂರಿನ ಕೆಂಬಾಳೆಯ ಫೋಟೋ ತೋರಿಸಿದ. ಭೌಗೋಳಿಕ ಸೂಚಕ ಮಾನ್ಯತೆ ಇರುವ ಹಣ್ಣು, ಉಳಿದ ತಳಿಗಳಿಗಿಂತ ತಡವಾಗಿ ಕೊಯ್ಲಿಗೆ ಬರುತ್ತೆ, ರೇಟೂ ಜಾಸ್ತಿ, ಊರಲ್ಲಿ ಅದು ಶ್ರೀಮಂತರ ಹಣ್ಣು ಅಂತೆಲ್ಲಾ ಹೇಳಿದ. ಅಜ್ಜಿ ಫೋಟೋ ದೊಡ್ಡದು ಮಾಡಿ ನೋಡಿ "ಪಿಸಾಂಗ್!" ಅಂದರು. ಬಾಳೆಯ ಮೂಲ ಕಾಡುತಳಿಗಳು ಆಗ್ನೇಯ ಏಷ್ಯಾದ ಕಡೆಯವು. ಹಾಗೆ ನೋಡಿದರೆ ಕೆಂಬಾಳೆಯ ತವರು ಆ ಅಜ್ಜಿಯ ಊರ ಕಡೆಯೇ.

ಹೊರಗೆ ಹೋಗುವ ಜೂನಿಯರುಗಳಿಗೆ ಇಷ್ಟು ಹೇಳ್ತೀವಿ. ಖಡಕ್ ರೊಟ್ಟಿ ಕೆಡೋದಿಲ್ಲ, ಒಯ್ಯಿರಿ. ಹಿಂಡಿ ಎರಡು ಡಬ್ಬಿ ಇರಲಿ. ಸಸ್ಯಾಹಾರಿಗಳು 'ತಾನ್ಪಾ ತೆರಾಸಿ' ಅನ್ನೋ ಎರಡು ಪದ ಬಾಯಿಪಾಠ ಮಾಡ್ರಿ, ತೆರಾಸಿ ಇಲ್ಲದೆ ಅಂತ ಅರ್ಥ. ಕೇಳಲಿಕ್ಕೆ ನಾಚಬ್ಯಾಡ್ರಿ. ಆ ರಾತ್ರಿ ವಾಪಸ್ ಬರುವಾಗ ಟ್ರಾಮಿನಲ್ಲೇ ಅವನ ಅವ್ವನ ಫೋನ್ ಬಂತು, "ಉಂಡೇನೋ?" ಅಂದರು. "ಹೂಂ ಬೇ, ಹೊಟ್ಟಿ ತುಂಬ ಉಂಡೀನಿ" ಅಂದ. ಎಷ್ಟೋ ದಿನದ ಮೇಲೆ ಅದು ನಿಜವಾಗಿತ್ತು.