ಹೊಣೆ ಯಾರದು?

ನಿಮ್ಮ ಮನೆಯಲ್ಲೊಂದು ಜಗಳವೆದ್ದರೆ ನೀವು ಮೊದಲು ಹೋಗುವುದು ಎಲ್ಲಿಗೆ? ಜಮಾಅತಿಗೋ, ಊರ ಹಿರಿಯರ ಬಳಿಗೋ, ನ್ಯಾಯಾಲಯಕ್ಕೋ?

ನನ್ನ ಖಾಲಾ ಕೋಲಾರ ತಾಲೂಕಿನ ಸುಗಟೂರಿನವರು. ಬೇರೆ ಊರಿಗೆ ಮದುವೆಯಾಗಿ ಹೋದವರು, ಎಂಬತ್ತರ ದಶಕದ ಕೊನೆಯಲ್ಲಿ ತಲಾಕ್ ಆಗಿ ಇಬ್ಬರು ಮಕ್ಕಳೊಂದಿಗೆ ತವರಿಗೆ ಮರಳಿದರು. ಕೋರ್ಟಿಗೆ ಹೋದರೆ ಮರ್ಯಾದೆ ಹೋಗುತ್ತದೆ ಎಂದರು ಮನೆಯವರು. ಹಿರಿಯರು ನಮ್ಮ ಅಂಗಳದಲ್ಲೇ ಕುಳಿತರು. ಜಮಾಅತಿನವರ ಜೊತೆ ನೆರೆಮನೆಯ ಗೌಡರೂ ಇದ್ದರು. ಮಕ್ಕಳಿಗೆ, ಖಾಲಾಗೆ ತಿಂಗಳಿಗೆ ಇಷ್ಟು ಹಣವೆಂದು ತೀರ್ಮಾನವಾಯಿತು. ಗಂಡನ ಅಣ್ಣ ಎದ್ದು ನಿಂತು, "ಅವನು ಕೊಡದಿದ್ದರೆ ನಾನು ಕೊಡುತ್ತೇನೆ" ಎಂದರು. ಕಾಗದವಿಲ್ಲ, ಸಹಿಯಿಲ್ಲ.

ಅವನು ಐದು ತಿಂಗಳು ಕೊಟ್ಟ. ಬಳಿಕ ರೇಷ್ಮೆಗೂಡು ಮಾರಿದಾಗಲೆಲ್ಲ ಅಣ್ಣನೇ ತಂದುಕೊಟ್ಟರು. ಅವರ ಮರಣದ ಬಳಿಕ ಯಾರೂ ಬರಲಿಲ್ಲ.

ಹಳ್ಳಿಯ ಇಂತಹ ನ್ಯಾಯವನ್ನು ವಿದ್ವಾಂಸರು ಅಧ್ಯಯನ ಮಾಡಿದ್ದಾರೆ. ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ ನೆಲೆಸಿ ಅಲ್ಲಿನ ವ್ಯಾಜ್ಯಗಳನ್ನು ಗಮನಿಸಿದರು. ಸರಕಾರದ ಕೋರ್ಟು ಇದ್ದರೂ ಜನರು ಹಿರಿಯರ ಜಗಲಿಗೇ ಹೋಗುತ್ತಿದ್ದರು. ಒಂದೇ ಊರು, ಹಲವು ಕಾನೂನು.

ಹಿಂದೆ ಅರಬ್ ಗೋತ್ರಗಳಲ್ಲಿ ಒಬ್ಬನು ಕೈತಪ್ಪಿ ಕೊಲೆ ಮಾಡಿದರೆ ರಕ್ತಪರಿಹಾರವನ್ನು ಅವನ ತಂದೆಯ ಕಡೆಯ ಬಂಧುಗಳೆಲ್ಲ ಸೇರಿ ತೆರುತ್ತಿದ್ದರು. ಪ್ರವಾದಿ(ಸ) ಮದೀನಾದಲ್ಲಿ ಮಾಡಿದ ಒಪ್ಪಂದದಲ್ಲೂ ಈ ಹೊಣೆಯನ್ನು ಆಯಾ ಗೋತ್ರಕ್ಕೇ ವಹಿಸಲಾಗಿತ್ತು. ಅದರ ಜೊತೆಗೇ, ಪ್ರತಿಯೊಬ್ಬನೂ ತನ್ನ ಕರ್ಮಕ್ಕೆ ತಾನೇ ಉತ್ತರದಾಯಿ ಎಂದೂ ಇಸ್ಲಾಮ್ ಕಲಿಸಿತು. ಖಾಲಾಳ ವಿಷಯದಲ್ಲಿ ನಾವು ಮೊದಲನೆಯದನ್ನು ನೆನಪಿಟ್ಟು ಎರಡನೆಯದನ್ನು ಮರೆತೆವು. ತಪ್ಪು ಮಾಡಿದವನು ಆರಾಮವಾಗಿದ್ದ. ಅವನ ಹೊರೆಯನ್ನು ಅಣ್ಣನ ಹೆಂಡತಿ ಮಕ್ಕಳು ತಮ್ಮ ತುತ್ತಿನಿಂದ ತೆತ್ತರು.

ಆಗಲೇ 1986ರ ಮುಸ್ಲಿಮ್ ಮಹಿಳೆಯರ ಕಾನೂನು ಬಂದಿತ್ತು. ನಮ್ಮ ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ವಿಚ್ಛೇದಿತೆಯ ಮುಂದಿನ ಬದುಕಿಗೆ ನ್ಯಾಯಯುತ ವ್ಯವಸ್ಥೆಯನ್ನು ಇದ್ದತ್‌ನ ಅವಧಿಯೊಳಗೇ ಮಾಡಬೇಕೆಂದು 2001ರಲ್ಲಿ ಸುಪ್ರೀಮ್ ಕೋರ್ಟು ಆ ಕಾನೂನನ್ನು ವಿವರಿಸಿತು. ಅವಳು ಸಾಮಾನ್ಯ ಕಾನೂನಿನಡಿಯಲ್ಲೂ ಜೀವನಾಂಶ ಕೇಳಬಹುದೆಂದು 2024ರಲ್ಲಿ ಹೇಳಿತು. ದಾರುಲ್ ಕಝಾದ ತೀರ್ಪನ್ನು ಬಲವಂತವಾಗಿ ಹೇರಲಾಗದೆಂದು 2014ರಲ್ಲೇ ಹೇಳಿದೆ. ಅಂದರೆ ಒಪ್ಪಿದವನು ಕೈಬಿಟ್ಟರೆ ಅವನನ್ನು ಹಿಡಿದು ನಿಲ್ಲಿಸುವವರು ಅಲ್ಲಿಲ್ಲ.

ಹಾಗೆಂದು ಹಿರಿಯರ ಬಳಿ ಹೋಗಬೇಡಿ ಎನ್ನುತ್ತಿಲ್ಲ. ಆ ಅಣ್ಣನಂತಹ ಮನುಷ್ಯ ಯಾವ ಕೋರ್ಟಿನಲ್ಲೂ ಸಿಗಲಾರರು. ಆದರೆ ಸಹೋದರಿಯರೇ, ತೀರ್ಮಾನವನ್ನು ಬರೆಸಿಕೊಳ್ಳಿ, ಸಹಿ ಹಾಕಿಸಿ, ಒಂದು ಪ್ರತಿ ನಿಮ್ಮ ಬಳಿ ಇರಲಿ. ಅದು ಮುರಿದರೆ ತಾಲೂಕು ಕಾನೂನು ಸೇವಾ ಸಮಿತಿಯ ಬಾಗಿಲು ತಟ್ಟಿ. 1987ರ ಕಾನೂನಿನಂತೆ ಮಹಿಳೆಗೆ, ಅವಳ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ.

ಖಾಲಾ ಬೀಡಿ ಕಟ್ಟಿ ಇಬ್ಬರನ್ನೂ ಓದಿಸಿದರು. ಆ ಅಣ್ಣನಿಗಾಗಿ ಅವರು ಇಂದಿಗೂ ದುಆ ಮಾಡುತ್ತಾರೆ. ಆದರೆ ಮಗಳ ನಿಕಾಹ್ ದಿನ ಅವರು ಮೊದಲು ಕೇಳಿದ್ದು, "ಮಹ್ರ್ ಎಷ್ಟೆಂದು ಬರೆದಿರಾ? ತೋರಿಸಿ."