ಡಿಸಾರ್ಮ್ ಎಂಬ ಕ್ರಿಯಾಪದ

ಲಿನಕ್ಸ್‌ನಲ್ಲಿ ಟೈಮರ್ ಜೊತೆ ಗುದ್ದಾಡಿದವರಿಗೆ ಈ ಪದ ಗೊತ್ತಿರುತ್ತೆ. ಟೈಮರ್‌ಗೆ ಸೊನ್ನೆ ಕೊಟ್ಟರೆ ಅದು 'ಡಿಸಾರ್ಮ್' ಆಗುತ್ತೆ ಅಂತ ಮ್ಯಾನ್ ಪೇಜ್‌ನಲ್ಲಿ ಬರೆದಿರುತ್ತಾರೆ. ಪಾಪ, ಅದರ ಹತ್ತಿರ ಯಾವ ಕತ್ತಿ, ಯಾವ ಬಂದೂಕು ಇತ್ತೋ! :-)

ಅದಕ್ಕಿಂತ ತಮಾಷೆ ಅಂದ್ರೆ ಅಲಾರಾಂ. ಇಟಾಲಿಯನ್ನಿನ 'ಆಲ್ಲಾರ್ಮೆ', ಅಂದರೆ 'ಆಯುಧ ಹಿಡೀರಿ!' ಅನ್ನೋ ಕೂಗೇ ಇಂಗ್ಲಿಷಿಗೆ ಬಂದು ಅಲಾರಾಂ ಆಗಿದ್ದು. ಮೊಬೈಲು ದಿನಾ ಬೆಳಿಗ್ಗೆ ನಮ್ಮನ್ನು ಯುದ್ಧಕ್ಕೆ ಕರೆಯುತ್ತೆ, ನಾವು ಸ್ನೂಜ್ ಒತ್ತಿ ಮಗ್ಗುಲು ಬದಲಿಸ್ತೀವಿ..

ಡಿಸಾರ್ಮ್ ಕೂಡ ಅದೇ ಮನೆತನದ್ದು. ಹಳೆಯ ಫ್ರೆಂಚಿನ 'ದೆಸಾರ್ಮೆರ್' ಅನ್ನೋ ಪದ 14ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂತು. ಆಗ ಯೋಧ ತನ್ನ ಮೈಮೇಲಿನ ಕವಚ ಕಳಚಿಡೋದಕ್ಕೂ ಇದೇ ಪದ. ಇನ್ನೂ ಹಿಂದೆ ಹೋದರೆ ಲ್ಯಾಟಿನ್ನಿನ 'ಆರ್ಮಾ' ಸಿಗುತ್ತೆ. ನನಗೆ ಖುಷಿ ಕೊಟ್ಟಿದ್ದು ಇದೇ. ಆರ್ಮಾ ಅಂದರೆ ಬರೀ ಆಯುಧ ಅಲ್ಲ, ಕೆಲಸದ ಸಲಕರಣೆ ಕೂಡ. ವರ್ಜಿಲ್ ಕವಿ ರೈತನ ನೇಗಿಲು-ಗೀಗಿಲಿಗೂ ಆ ಪದವನ್ನೇ ಬಳಸಿದ್ದಾನೆ. ಆಯುಧಪೂಜೆ ದಿನ ಲೇತ್ ಮಷೀನಿಗೆ, ಬಸ್ಸಿಗೆ, ಕೊನೆಗೆ ಆಫೀಸಿನ ಕಂಪ್ಯೂಟರಿಗೂ ಕುಂಕುಮ ಇಡುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ ಬಿಡಿ.

ಕನ್ನಡದಲ್ಲಿ ಇದಕ್ಕೆ ಎರಡು ಬೇರೆ ಬೇರೆ ಮಾತುಗಳಿವೆ. ಮಗ ಸತ್ತನೆಂದು ನಂಬಿ ದ್ರೋಣ ಮಾಡಿದ್ದು ಶಸ್ತ್ರತ್ಯಾಗ. ತಾನೇ ಕೆಳಗಿಟ್ಟ, ಯಾರೂ ಕಿತ್ತುಕೊಳ್ಳಲಿಲ್ಲ. ನಿಶ್ಶಸ್ತ್ರಗೊಳಿಸುವುದು ಹಾಗಲ್ಲ. ಅಲ್ಲಿ ಎದುರಿಗೆ ಇನ್ನೊಬ್ಬ ಇರಲೇಬೇಕು, ಸಾಮಾನ್ಯವಾಗಿ ಅವನ ಕೈಯಲ್ಲಿ ಇನ್ನೂ ದೊಡ್ಡ ಆಯುಧ ಇರುತ್ತೆ. ಇಂಗ್ಲಿಷಿನ ಡಿಸಾರ್ಮ್ ಈ ಎರಡಕ್ಕೂ ಒಂದೇ ಟೋಪಿ ಹಾಕುತ್ತೆ.

1857ರಲ್ಲಿ ಉತ್ತರದಲ್ಲಿ ಸಿಪಾಯಿಗಳು ದಂಗೆ ಎದ್ದಾಗ ಬ್ರಿಟಿಷರು ತಂದ ಕಾನೂನಿನ ಹೆಸರಿನಲ್ಲೇ ಈ ಕ್ರಿಯಾಪದ ಕೂತಿತ್ತು. ನಿಶ್ಶಸ್ತ್ರೀಕರಣ ಕಾಯ್ದೆ ಅಂತ ನಾವು ಶಾಲೆಯಲ್ಲಿ ಓದಿದ್ದು ಅದನ್ನೇ. ಪರವಾನಗಿ ಇಲ್ಲದವರು ಆಯುಧ ಇಟ್ಟುಕೊಳ್ಳುವ ಹಾಗಿಲ್ಲ, ಇದ್ದದ್ದನ್ನು ತಂದು ಒಪ್ಪಿಸಬೇಕು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆ ಅವರ ಕಸುಬು. ಸರ್ಕಾರದ ಕಣ್ಣಿಗೆ ಆಯುಧವಾಗಿ ಕಂಡದ್ದು ಅವರ ಮನೆಯಲ್ಲಿ ನೇಗಿಲಿನ ಹಾಗೆ ಗೋಡೆಗೆ ಒರಗಿಸಿಟ್ಟ ವಸ್ತು. ಜಡಗ, ಬಾಲ, ಹನುಮ, ರಾಮ ಮುಂದೆ ನಿಂತರು. ನವೆಂಬರ್ ಕೊನೆಯಲ್ಲಿ ಬ್ರಿಟಿಷರ ಪಡೆ ಊರಿಗೆ ನುಗ್ಗಿತು, ಮನೆಗಳಿಗೆ ಬೆಂಕಿ ಇಟ್ಟಿತು. ಸೆರೆಸಿಕ್ಕ ಹಲವರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಪರೀಕ್ಷೆಗೆ ನಾವು ಇಸವಿ ಉರು ಹೊಡೆದೆವು. ಆ ಕಾಯ್ದೆಯ ಹೆಸರು ಮಾತ್ರ ಎಷ್ಟು ತಣ್ಣಗಿದೆ ನೋಡಿ, ಟೈಮರ್‌ಗೆ ಸೊನ್ನೆ ಕೊಟ್ಟಷ್ಟೇ ತಣ್ಣಗೆ.

ಹಲಗಲಿಯ ಲಾವಣಿಯಲ್ಲಿ ಆಯುಧಕ್ಕೆ ಬರುವ ಮಾತು ಹತಾರ. ಹತ್ಯಾರ ಅಂತಲೂ ಅನ್ನುತ್ತಾರೆ. 'ಹತ್ಯೆ'ಯಿಂದ ಬಂದಿರಬೇಕು ಅಂತ ಥಟ್ಟನೆ ಅನಿಸುತ್ತೆ ಅಲ್ವಾ? ಅಲ್ಲ. ಅದರ ಮೂಲ 'ಹಾಥ್', ಅಂದರೆ ಕೈ. ಮರಾಠಿಯಲ್ಲಿ ಬಡಗಿಯ ಉಳಿಯೂ ಹತ್ಯಾರವೇ. ಇಂಗ್ಲಿಷಿನಲ್ಲಿ ತೋಳಿಗೂ ಆರ್ಮ್, ಆಯುಧಕ್ಕೂ ಆರ್ಮ್ಸ್. ಆದರೆ ತೋಳು ಜರ್ಮನಿಕ್ ಕಡೆಯಿಂದ, ಆಯುಧ ಲ್ಯಾಟಿನ್ ಕಡೆಯಿಂದ ಬಂದು ಒಂದೇ ಥರ ಕಾಣುತ್ತವೆ ಅಷ್ಟೇ. ನಮ್ಮ ಹತಾರದೊಳಗೆ ಮಾತ್ರ ನಿಜಕ್ಕೂ ಕೈ ಇದೆ.

ಬಾಗಲಕೋಟೆ, ಬಿಜಾಪುರ ಕಡೆಯವರು ಯಾರಾದ್ರೂ ಇದ್ದೀರಾ? ನಿಮ್ಮಲ್ಲಿ ಕುಡುಗೋಲು, ಕೊಡಲಿಗೂ ಹತಾರ ಅಂತಾರಾ, ಹೇಳ್ರಲ್ಲಾ..